ವಿಧ್ಯರ್ಥ ದೀಪಿಕೆ: ಫ್ರೆಂಚರ ಅಪ್ಪಣೆಗಳ ಶಾಸ್ತ್ರೀಯ ವಿಂಗಡಣೆ

ಪೀಠಿಕಾ ಪ್ರಕರಣ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಅದರಂತೆ, ಈ ಶಾಸ್ತ್ರಕ್ಕೆ ಅಧಿಕಾರಿಗಳು ಮೂವರು: ಪಿಯುಸಿಯಲ್ಲಿ ಅಂಕ ಚೆನ್ನಾಗಿ ಬರುತ್ತದೆಂದು ಫ್ರೆಂಚ್ ತೆಗೆದುಕೊಂಡವನು, ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನ ಸಂಜೆ ತರಗತಿಗೆ ಸೇರಿಕೊಂಡವಳು, ಮತ್ತು ಇವರಿಬ್ಬರೂ ಮನೆಯಲ್ಲಿ ಗಟ್ಟಿಯಾಗಿ ಪಾಠ ಒಪ್ಪಿಸುವಾಗ ಕೇಳಲೇಬೇಕಾದ ಅಜ್ಜಿ. ವಿಷಯ, ಫ್ರೆಂಚ್ ಕ್ರಿಯಾಪದದ ವಿಧ್ಯರ್ಥ. ಅವರ ಬಾಯಲ್ಲಿ ‘ಆ್ಯಂಪೆರಾತೀಫ್’. ಸಂಬಂಧ, ಹೇಳುವವನಿಗೂ ಕೇಳುವವನಿಗೂ ಇರುವಂಥದ್ದು. ಅದು ಕೆಟ್ಟಾಗಲೇ ಈ ರೂಪ ಹೆಚ್ಚು ಬಳಕೆಯಾಗುತ್ತದೆ. ಪ್ರಯೋಜನವನ್ನು ಕೊನೆಯಲ್ಲಿ ಹೇಳಲಾಗುವುದು. ಮೊದಲೇ ಹೇಳಿಬಿಟ್ಟರೆ ಯಾರೂ ಮುಂದೆ ಓದುವುದಿಲ್ಲ.

ವಿಧಿಯ ವಿಷಯದಲ್ಲಿ ನಮ್ಮವರು ಹೊಸಬರಲ್ಲ. ಮೀಮಾಂಸಕರು ವಿಧಿಯನ್ನು ಅಪೂರ್ವ, ನಿಯಮ, ಪರಿಸಂಖ್ಯಾ ಎಂದು ಸೀಳಿ ಒಣಗಿಸಿ ಎಷ್ಟೋ ಶತಮಾನಗಳಾದ ಮೇಲೆ, 1635ರಲ್ಲಿ ಕಾರ್ಡಿನಲ್ ರಿಶೆಲ್ಯೂ ಫ್ರೆಂಚ್ ಅಕಾಡೆಮಿಯನ್ನು ಕಟ್ಟಿ, 40 ಜನರನ್ನು ಕೂರಿಸಿ, ಭಾಷೆಯನ್ನು ಅವರ ವಶಕ್ಕೆ ಕೊಟ್ಟ. ಅವರನ್ನು ‘ಅಮರರು’ ಎನ್ನುತ್ತಾರೆ. ಒಬ್ಬರು ತೀರಿಕೊಂಡರೆ ಇನ್ನೊಬ್ಬ ಅಮರರನ್ನು ಚುನಾಯಿಸುತ್ತಾರೆ. ಪ್ರಸ್ತುತ ಶಾಸ್ತ್ರಕಾರನು ಈ ಎರಡು ಪರಂಪರೆಗಳಿಗೂ ನಮಸ್ಕರಿಸಿ, ಕನ್ನಡದ ವೈಯಾಕರಣ ಕೇಶಿರಾಜನ ಸೂತ್ರ–ವೃತ್ತಿ ಕ್ರಮವನ್ನು ಹಿಡಿದು, ಅವನ ಕಂದಪದ್ಯವನ್ನು ಮಾತ್ರ ಕೈಲಾಗದೆ ಬಿಟ್ಟು ಮುಂದುವರಿಯುತ್ತಾನೆ.

ರೂಪ ಪ್ರಕರಣ

ಸೂತ್ರ 1. ಅಪ್ಪಣೆಯಲ್ಲಿ ಕರ್ತೃ ಬೀಳುತ್ತಾನೆ.

ವೃತ್ತಿ: ಕನ್ನಡದಲ್ಲಿ ಕರ್ತೃ ಬೀಳುವುದು ಸುದ್ದಿಯೇ ಅಲ್ಲ. ಬಂದೆ, ಉಂಡೆ, ಹೊರಟೆ ಎಂದರೆ ಮೂರರಲ್ಲೂ ‘ನಾನು’ ಇಲ್ಲ, ಊಟವಂತೂ ಆಗಿದೆ. ಫ್ರೆಂಚಿನಲ್ಲಿ ಹಾಗಲ್ಲ. ಅಲ್ಲಿ ಮಳೆ ಬಂದರೂ ಯಾರೋ ಒಬ್ಬ ‘ಅವನು’ ಸುರಿಸಿದಂತೆ ‘ಇಲ್ ಪ್ಲೇ’ ಎನ್ನಬೇಕು. ಇಷ್ಟು ಕಟ್ಟುನಿಟ್ಟಿನ ಭಾಷೆ ಕರ್ತೃವಿಗೆ ರಜೆ ಕೊಡುವ ದೊಡ್ಡ ಸಂದರ್ಭ ಇದೊಂದೇ. ‘ತ್ಯು ಪಾರ್ಲ್’ ಎಂದರೆ ನೀನು ಮಾತಾಡುತ್ತೀಯೆ. ಬರೀ ‘ಪಾರ್ಲ್’ ಎಂದರೆ ಮಾತಾಡು. ಎದುರಿಗಿರುವವನಿಗೆ ಕೆಲಸ ಹೇಳುವ ಹೊತ್ತಿಗೆ ಅವನ ಹೆಸರು ವಾಕ್ಯದಿಂದ ಹೋಗಿರುತ್ತದೆ.

ಸೂತ್ರ 2. ಬಾಗಿಲು ಮೂರೇ.

ವೃತ್ತಿ: ನೀನು, ನಾವು, ನೀವು. ಹೋಗುವುದಕ್ಕೆ ರೂಪಗಳು ‘ವಾ’, ‘ಆಲೋಂ’, ‘ಆಲೇ’. ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಯುವವರು ಇಲ್ಲಿ ತಡವರಿಸುತ್ತಾರೆ, ಏಕೆಂದರೆ ಇಂಗ್ಲಿಷಿನವರು ರಾಜನಿಗೂ ನಾಯಿಗೂ ಒಂದೇ ‘ಗೋ’ ಹೇಳುತ್ತಾರೆ. ಕನ್ನಡದ ವಿದ್ಯಾರ್ಥಿಗೆ ಇದು ಹುಟ್ಟಿನಿಂದ ಗೊತ್ತಿರುವ ಸಂಗತಿ: ಹೋಗು, ಹೋಗೋಣ, ಹೋಗಿ. ನಮ್ಮ ‘ನೀವು’ ಹೇಗೆ ಹಲವರಿಗೂ ಆಗುತ್ತದೆ, ಒಬ್ಬ ಹಿರಿಯರಿಗೂ ಆಗುತ್ತದೆ, ಅವರ ‘ವೂ’ ಕೂಡ ಹಾಗೆಯೇ. ಆದರೆ ಫ್ರೆಂಚಿನ ಬಡತನವೂ ಗಮನಾರ್ಹ. ‘ಬಾರೋ’, ‘ಬಾರೇ’, ‘ಬಾರಮ್ಮ’, ‘ಬನ್ರೀ’ ಎಂದು ಒಂದೇ ಧಾತುವಿನಲ್ಲಿ ಲಿಂಗ, ಸಲಿಗೆ, ಮುನಿಸು, ಜಿಲ್ಲೆ ಎಲ್ಲವನ್ನೂ ತೋರಿಸುವ ಸೌಕರ್ಯ ಅವರಿಗಿಲ್ಲ.

ಮೂರರಲ್ಲಿ ಒಂದು ಬಾಗಿಲನ್ನು ಮುಚ್ಚಿಬಿಡುವ ಪ್ರಯತ್ನವೂ ನಡೆದಿದೆ. 1793ರಲ್ಲಿ, ಕ್ರಾಂತಿ ಕಾವೇರಿದ್ದಾಗ, ಒಬ್ಬನೇ ವ್ಯಕ್ತಿಗೆ ‘ವೂ’ ಎನ್ನುವುದು ಊಳಿಗಮಾನ್ಯದ ಕೊಳೆ, ಎಲ್ಲರೂ ಎಲ್ಲರಿಗೂ ‘ತ್ಯು’ ಎನ್ನಬೇಕು ಎಂಬ ಮನವಿ ಪ್ಯಾರಿಸ್‌ನ ರಾಷ್ಟ್ರೀಯ ಕನ್ವೆನ್ಷನ್ ಸಭೆಗೆ ಬಂತು. ಕೆಲಕಾಲ ಕಚೇರಿಗಳಲ್ಲಿ ಏಕವಚನವೇ ನಡೆಯಿತು. ಬಹುವಚನ ಮರಳಿ ಬಂದದ್ದನ್ನು ಇಂದು ಯಾವ ಫ್ರೆಂಚ್ ಅಂಗಡಿಯಲ್ಲಾದರೂ ನೋಡಬಹುದು.

‘ನಾವು’ ಬಾಗಿಲಿನ ಸಾಕ್ಷಿ ಮಾರ್ಸಿಯೇಸ್. 1792ರ ಏಪ್ರಿಲ್‌ನಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ರೂಜೆ ದ ಲೀಲ್ ಎಂಬ ಸೇನಾ ಎಂಜಿನಿಯರ್ ಬರೆದ ಆ ಹಾಡಿನ ಮೊದಲ ಪದವೇ ‘ಆಲೋಂ’. ‘ಹೋಗಿ’ ಎನ್ನದೆ ‘ಹೋಗೋಣ’ ಎಂದ. ಹೇಳುವವನೂ ಜೊತೆಗೆ ಬರುತ್ತಾನೆಂಬ ಭರವಸೆ ಈ ರೂಪದ ಗುಟ್ಟು. ಹಾಡು 1795ರಲ್ಲಿ ರಾಷ್ಟ್ರಗೀತೆಯಾಯಿತು. ಬರೆದವನು ಅಷ್ಟರೊಳಗೆ ರಾಜನ ಪಕ್ಷಪಾತಿ ಎನಿಸಿಕೊಂಡು ಕೆಲಸ ಕಳೆದುಕೊಂಡು ಸೆರೆಮನೆಯನ್ನೂ ಕಂಡು ಬಂದಿದ್ದ.

ಉಪಸೂತ್ರ: ಇಲ್ಲಿಲ್ಲದವನಿಗೆ ಅಪ್ಪಣೆ ಇಲ್ಲ, ಹಾರೈಕೆ ಮಾತ್ರ. ಕನ್ನಡದಲ್ಲಿ ‘ಬರಲಿ, ತಿನ್ನಲಿ, ಬಾಳಲಿ’ ಎಂದು ‘ಅಲಿ’ ಪ್ರತ್ಯಯದಿಂದ ಮುಗಿಸುವ ಕೆಲಸಕ್ಕೆ ಫ್ರೆಂಚರು ಸಂಭಾವನಾರ್ಥದ (ಸಬ್ಜಂಕ್ಟಿವ್) ಬಾಗಿಲು ತಟ್ಟಬೇಕು. ರೊಟ್ಟಿಯಿಲ್ಲದ ಪ್ರಜೆಗಳು ಬ್ರಿಯೋಷ್ ಎಂಬ ಸಿಹಿರೊಟ್ಟಿ ತಿನ್ನಲಿ ಎಂದ ರಾಜಕುಮಾರಿಯ ಮಾತು ಈ ವರ್ಗದ್ದು. ಅದನ್ನು ಮರೀ ಆಂತ್ವಾನೆತ್‌ಳ ತಲೆಗೆ ಕಟ್ಟಿದ್ದು ಲೋಕ. ರೂಸೋ ಅದನ್ನು ತನ್ನ ಆತ್ಮಕಥೆಯಲ್ಲಿ ಬರೆದದ್ದು ಹೆಸರಿಲ್ಲದ ಒಬ್ಬಳ ಬಾಯಲ್ಲಿ. 1967ರ ಜುಲೈ 24ರಂದು ಮಾಂಟ್ರಿಯಲ್‌ನ ಪುರಸಭೆಯ ಮೊಗಸಾಲೆಯಿಂದ ಜನರಲ್ ದ ಗೋಲ್ ‘ಸ್ವತಂತ್ರ ಕ್ವಿಬೆಕ್ ಬಾಳಲಿ’ ಎಂದದ್ದೂ ಇದೇ ವರ್ಗ. ವ್ಯಾಕರಣದ ಪ್ರಕಾರ ಅದು ಬರೀ ಹಾರೈಕೆ. ಕೆನಡಾ ಸರ್ಕಾರ ಅದನ್ನು ಹಾಗೆ ಓದಲಿಲ್ಲ.

ಸೂತ್ರ 3. ‘ಏರ್’ ಗಣದ ಏಕವಚನದಲ್ಲಿ ‘ಎಸ್’ ಬೀಳುತ್ತದೆ.

ವೃತ್ತಿ: ಫ್ರೆಂಚ್ ಧಾತುಗಳಲ್ಲಿ ಬಹುಪಾಲು, ಮೂಲರೂಪದ ಕೊನೆಗೆ ‘er’ ಎಂದು ಬರೆಯುವ ಈ ಗಣದವು. ‘ನೀನು ಮಾತಾಡುತ್ತೀಯೆ’ ಎನ್ನುವಾಗ ‘ಪಾರ್ಲ್’ನ ಕೊನೆಗೆ ಎಸ್ ಬರೆಯಬೇಕು, ‘ಮಾತಾಡು’ ಎನ್ನುವಾಗ ಬರೆಯಬಾರದು. ‘ತೆರೆ’, ‘ಕೊಡಮಾಡು’, ‘ಕೀಳು’ ಎಂಬರ್ಥದ ಊವ್ರೀರ್, ಓಫ್ರೀರ್, ಕೊಯೀರ್ ಬೇರೆ ಗಣದವಾದರೂ ಇದೇ ಸಾಲಿನಲ್ಲಿ ಕೂರುತ್ತವೆ. ‘ಮುಗಿಸು’ (ಫಿನಿ), ‘ತಗೋ’ (ಪ್ರಾಂ), ‘ಕುಡಿ’ (ಬ್ವಾ) ಮುಂತಾದವು ಎಸ್ಸನ್ನು ಬಿಟ್ಟುಕೊಡುವುದಿಲ್ಲ.

ಶಂಕೆ: ಬೀಳುವ ಎಸ್ ಮೊದಲೇ ಉಚ್ಚಾರವಾಗುತ್ತಿರಲಿಲ್ಲವಲ್ಲ, ಬಿದ್ದದ್ದು ಯಾರಿಗೆ ತಿಳಿಯಿತು?

ಸಮಾಧಾನ: ಪರೀಕ್ಷಕರಿಗೆ. ಇದು ನಾಲಗೆಯ ಅಪರಾಧವಲ್ಲ, ಲೇಖನಿಯದು. ಕನ್ನಡ ಲಿಪಿಯಲ್ಲಿ ಎರಡೂ ‘ಪಾರ್ಲ್’ ಆದ್ದರಿಂದ ಉತ್ತರಪತ್ರಿಕೆಯನ್ನು ನಮ್ಮ ಅಕ್ಷರದಲ್ಲಿ ಬರೆಯಲು ಬಿಟ್ಟಿದ್ದರೆ ಅರ್ಧ ತಪ್ಪುಗಳು ಹುಟ್ಟುತ್ತಲೇ ಇರಲಿಲ್ಲ.

ಪುನಃ ಶಂಕೆ: ಹಾಗಾದರೆ ‘ವಾ’ ಎಂಬುದು ‘ಅಲ್ಲಿಗೆ’ ಎಂಬರ್ಥದ ‘ಇ’ಯನ್ನು ಕೂಡಿದಾಗ ‘ವಾ-ಜ಼ಿ’ ಏಕಾಗುತ್ತದೆ? ‘ಮಾಂಜ್’ (ತಿನ್ನು), ‘ಆಂ’ (ಅದರಲ್ಲಿ ಸ್ವಲ್ಪ) ಕೂಡಿ ‘ಮಾಂಜ್-ಜ಼ಾಂ’ ಏಕಾಗುತ್ತದೆ?

ಸಮಾಧಾನ: ಎರಡು ಸ್ವರ ಮುಖಾಮುಖಿಯಾದರೆ ಕನ್ನಡದವರು ಯಕಾರವನ್ನೋ ವಕಾರವನ್ನೋ ನಡುವೆ ನಿಲ್ಲಿಸಿ ಜಗಳ ಬಿಡಿಸುತ್ತಾರೆ. ಫ್ರೆಂಚರು ತಾವೇ ಹೊರಹಾಕಿದ್ದ ಎಸ್ಸನ್ನು ಕರೆಸಿಕೊಳ್ಳುತ್ತಾರೆ. ಇದ್ದಾಗ ಸುಮ್ಮನಿದ್ದದ್ದು ಮರಳಿ ಬಂದ ಮೇಲೆ ‘ಜ಼’ ಎಂದು ಸದ್ದು ಮಾಡುತ್ತದೆ. ಆದರೆ ಆ ‘ಇ’ ಮುಂದಿನ ಕ್ರಿಯೆಗೆ ಸೇರಿದ್ದಾದರೆ, ಅಂದರೆ ‘ಹೋಗಿ ಅಲ್ಲಿ ಸರಿಪಡಿಸು’ ಎಂಬಂಥ ಕಡೆ, ಎಸ್‌ಗೆ ಕರೆ ಹೋಗುವುದಿಲ್ಲ.

ಇತಿಹಾಸಕಾರರ ಪಕ್ಷ ಬೇರೆಯೇ ಇದೆ. ಈ ಗಣದ ಅಪ್ಪಣೆ ಲ್ಯಾಟಿನ್‌ನಿಂದ ಇಳಿದದ್ದು, ಲ್ಯಾಟಿನ್ನಿನ ಏಕವಚನ ವಿಧ್ಯರ್ಥದಲ್ಲಿ ಎಸ್ ಎಂಬುದೇ ಇರಲಿಲ್ಲ. ಹಳೆಯ ಫ್ರೆಂಚಿನಲ್ಲಿ ಉಳಿದ ಗಣಗಳ ಬಹುಪಾಲು ಧಾತುಗಳಿಗೂ ಇರಲಿಲ್ಲ. ಅವು ನಂತರ ಅಕ್ಕಪಕ್ಕ ನೋಡಿ ಅಂಟಿಸಿಕೊಂಡವು. ಆದ್ದರಿಂದ ‘ಎಸ್ ಬೀಳುತ್ತದೆ’ ಎಂಬ ಪಠ್ಯಪುಸ್ತಕದ ಮಾತು, ಮನೆಯಲ್ಲಿ ಎಂದೂ ಇಲ್ಲದಿದ್ದ ಒಡವೆ ಕಳುವಾಯಿತೆಂದು ಠಾಣೆಯಲ್ಲಿ ದೂರು ಬರೆಸಿದ ಹಾಗಿದೆ.

ಸೂತ್ರ 4. ನಾಲ್ವರು ಸಾಲಿನಲ್ಲಿ ನಿಲ್ಲುವುದಿಲ್ಲ.

ವೃತ್ತಿ: ಎತ್ರ್ (ಇರು), ಆವ್ವಾರ್ (ಹೊಂದು), ಸಾವ್ವಾರ್ (ತಿಳಿ), ವೂಲ್ವಾರ್ (ಬಯಸು). ಇವು ತಮ್ಮ ಅಪ್ಪಣೆಯ ರೂಪವನ್ನು ಸಂಭಾವನಾರ್ಥದಿಂದ ಎರವಲು ತರುತ್ತವೆ: ಸ್ವಾ, ಸ್ವಾಯೋಂ, ಸ್ವಾಯೇ, ಎ, ಎಯೋಂ, ಎಯೇ, ಸಾಶ್, ಸಾಶೋಂ, ಸಾಶೇ, ಕೊನೆಯದರಲ್ಲಿ ದಿನಬಳಕೆಗೆ ಉಳಿದಿರುವುದು ‘ವೊಯೇ’ ಒಂದೇ. ವೈಯಾಕರಣರು ಇದನ್ನು ಅನಿಯಮ ಎನ್ನುತ್ತಾರೆ. ಶಾಸ್ತ್ರಕಾರನ ಮತದಲ್ಲಿ ಇದು ವಿವೇಕ. ಒಬ್ಬನನ್ನು ಕೂರಿಸಬಹುದು, ನಿಲ್ಲಿಸಬಹುದು. ಒಳ್ಳೆಯವನಾಗಿರು, ಧೈರ್ಯ ಹೊಂದು, ತಿಳಿದುಕೋ, ಮನಸ್ಸು ಮಾಡು ಎಂಬುದನ್ನು ಹಾರೈಸಬಹುದೇ ಹೊರತು ಮಾಡಿಸಲಾಗದು.

ಇನ್ನು ಪೂವ್ವಾರ್, ಅಂದರೆ ‘ಸಾಧ್ಯವಾಗು, ಶಕ್ತನಾಗು’. ಇದಕ್ಕೆ ವಿಧ್ಯರ್ಥವೇ ಇಲ್ಲ. ಅದೇ ಪದ ನಾಮಪದವಾದಾಗ ‘ಅಧಿಕಾರ’ ಎಂದರ್ಥ. ಅಧಿಕಾರ ತಾನು ಅಪ್ಪಣೆಗೆ ಒಳಪಡದು ಎಂಬುದನ್ನು ಓದುಗರು ಇಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ‘ಮಳೆಯಾಗು’ ಎಂಬ ಧಾತುವಿಗೂ ಇಲ್ಲ, ಏಕೆಂದರೆ ಎದುರಿಗೆ ‘ನೀನು’ ಇಲ್ಲ. ನಮ್ಮ ಮಕ್ಕಳು ಮಳೆಯನ್ನು ರಾಯನನ್ನಾಗಿ ಮಾಡಿ ಏಕವಚನದಲ್ಲೇ ಕರೆಯುತ್ತಾರೆ.

ಸೂತ್ರ 5. ‘ಮಾಡು’ ಎಂದಾಗ ಸರ್ವನಾಮ ಹಿಂದೆ, ‘ಬೇಡ’ ಎಂದಾಗ ಮುಂದೆ.

ವೃತ್ತಿ: ‘ಅದನ್ನು ನನಗೆ ಕೊಡು’ ಎಂಬುದು ‘ದೊನ್-ಲ-ಮ್ವಾ’: ಮೊದಲು ಕೊಡು, ಆಮೇಲೆ ಅದು, ಕೊನೆಗೆ ನಾನು, ನಡುವೆ ಕಿರುಗೆರೆಗಳು. ‘ಕೊಡಬೇಡ’ ಎಂದ ಕೂಡಲೆ ಕಿರುಗೆರೆ ಹರಿದು ಎಲ್ಲರೂ ಕ್ರಿಯಾಪದದ ಮುಂದಕ್ಕೆ ಓಡುತ್ತಾರೆ: ‘ನ ಮ ಲ ದೊನ್ ಪಾ’. ಓಡುವ ಗಡಿಬಿಡಿಯಲ್ಲಿ ‘ಮ್ವಾ’ ಕುಗ್ಗಿ ‘ಮ’ ಆಗುತ್ತದೆ, ‘ನಾನು’ ಮತ್ತು ‘ಅದು’ ಸ್ಥಳ ಬದಲಿಸಿಕೊಳ್ಳುತ್ತವೆ. ಕ್ವಿಬೆಕ್‌ನ ಆಡುಮಾತಿನಲ್ಲಿ ಇಷ್ಟೆಲ್ಲ ಓಡಾಟವಿಲ್ಲ. ‘ಬೇಡ’ ಎಂದರೂ ಸರ್ವನಾಮಗಳು ಇದ್ದಲ್ಲೇ ಇರುತ್ತವೆ.

ಈ ಸೂತ್ರದ ಉಲ್ಲಂಘನೆ ಆಕಾಶದಲ್ಲಿ ನಿತ್ಯ ಸಿದ್ಧವಾಗಿದೆ. 1923ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್‌ಗೆ, ಅಪಾಯದಲ್ಲಿರುವ ಪೈಲಟ್ ಕೂಗಲು ಒಂದು ಪದ ಹುಡುಕಬೇಕಾಯಿತು. ಅಲ್ಲಿಂದ ವಿಮಾನಗಳು ಹೆಚ್ಚಾಗಿ ಹಾರುತ್ತಿದ್ದದ್ದು ಪ್ಯಾರಿಸ್‌ನ ಲ ಬೂರ್ಜೆಗೆ. ಎರಡೂ ಕಡೆಯವರಿಗೆ ತಿಳಿಯಲೆಂದು ಫ್ರೆಂಚಿನಿಂದ ‘ಮೇಡೇ’ ಆಯ್ದ. 1927ರಲ್ಲಿ ಅದು ಅಂತಾರಾಷ್ಟ್ರೀಯ ಸಂಕೇತವಾಯಿತು; ಇಂದು ದೇವನಹಳ್ಳಿಯ ಮೇಲೆ ಹಾರುವವರಿಗೂ ಅದೇ. ಆದರೆ ‘ನನಗೆ ಸಹಾಯ ಮಾಡಿ’ ಎಂಬುದು ಶುದ್ಧ ಫ್ರೆಂಚಿನಲ್ಲಿ ‘ಎದೇ-ಮ್ವಾ’ ಆಗಬೇಕು, ‘ಮೆದೇ’ ಆಗಲಾರದು. ‘ಅದು ವಿಧ್ಯರ್ಥವೇ ಅಲ್ಲ, ಸಹಾಯ ಮಾಡಲು ಬನ್ನಿ ಎಂಬುದರ ತುಂಡು’ ಎಂದು ಒಂದು ಪಕ್ಷ ಸಮರ್ಥಿಸುತ್ತದೆ. ಎಂಜಿನ್ ನಿಂತಿರುವಾಗ ಈ ಚರ್ಚೆಗೆ ಹೆಚ್ಚು ಸಮಯವಿರುವುದಿಲ್ಲವಾದ್ದರಿಂದ ಅದು ತೀರ್ಮಾನವಾಗದೆ ಉಳಿದಿದೆ.

ಪ್ರಯೋಗ ಪ್ರಕರಣ

ಪೂರ್ವಪಕ್ಷ: ವಿಧ್ಯರ್ಥವೆಂದರೆ ಅಪ್ಪಣೆ. ಅಪ್ಪಣೆ ಕೊಡುವವನು ಬಲಶಾಲಿ. ಆದ್ದರಿಂದ ಬಲಶಾಲಿಗಳ ಬಾಯಲ್ಲಿ ವಿಧ್ಯರ್ಥ ತುಂಬಿರಬೇಕು.

ಪರಿಶೀಲಿಸೋಣ. ಫ್ರೆಂಚ್ ಸಮಾಜದಲ್ಲಿ ನಿಜಕ್ಕೂ ಮಾತು ನಡೆಯುವವರು ಐವರು.

ಮೊದಲನೆಯವನು ದೇವರು. ಫ್ರೆಂಚ್ ಬೈಬಲ್ಲಿನ ಹತ್ತು ಅಪ್ಪಣೆಗಳಲ್ಲಿ ಕೊಲೆ, ಕಳವುಗಳ ನಿಷೇಧವೆಲ್ಲ ಭವಿಷ್ಯತ್ ಕಾಲದಲ್ಲಿದೆ. ‘ಮಾಡಬೇಡ’ ಎನ್ನದೆ ‘ನೀನು ಮಾಡುವುದಿಲ್ಲ’ ಎಂದು ಮುಂದಾಗುವುದನ್ನು ತಿಳಿಸುತ್ತಾನೆ.

ಎರಡನೆಯದು ಕಾನೂನು. 1804ರಲ್ಲಿ ನೆಪೋಲಿಯನ್ ಹೊರಡಿಸಿದ ನಾಗರಿಕ ಸಂಹಿತೆ ವರ್ತಮಾನ ಕಾಲದಲ್ಲಿದೆ. ಗಂಡ ಹೆಂಡತಿಗೆ ರಕ್ಷಣೆ ಕೊಡಬೇಕು, ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಎಂಬ 213ನೇ ವಿಧಿಯೂ ‘ವಿಧೇಯಳಾಗು’ ಎನ್ನಲಿಲ್ಲ. ಋಣವಿದೆ ಎಂದು ಲೆಕ್ಕ ತೋರಿಸಿ ಸುಮ್ಮನಾಯಿತು. ಆ ಸಾಲ ಮನ್ನಾ ಆದದ್ದು 1938ರಲ್ಲಿ. ನಮ್ಮ ಸರ್ಕಾರಿ ಆದೇಶಗಳ ‘ತಕ್ಕದ್ದು’ ಇದರ ದಾಯಾದಿ.

ಮೂರನೆಯದು ಗೋಡೆ. ಫ್ರಾನ್ಸಿನ ಯಾವ ಊರಲ್ಲೂ ಹಳೆಯ ಗೋಡೆಗಳ ಮೇಲೆ ‘ದೆಫಾಂಸ್ ದಾಫಿಶೇ, 1881ರ ಜುಲೈ 29ರ ಕಾನೂನು’ ಎಂದಿರುತ್ತದೆ. ಭಿತ್ತಿಪತ್ರ ನಿಷೇಧ. ಇದು ಶುದ್ಧ ನಾಮಪದ. ಯಾರಿಗೆ ಹೇಳಿದ್ದು, ಯಾರು ಹೇಳಿದ್ದು, ಒಂದೂ ಇಲ್ಲ. ಆ ಕಾನೂನು ಪತ್ರಿಕಾ ಸ್ವಾತಂತ್ರ್ಯದ ಕಾನೂನು ಎಂಬುದನ್ನು ಗೋಡೆ ಹೇಳುವುದಿಲ್ಲ. ಹಳೆಯ ರೈಲುಗಳ ಕಿಟಕಿಯ ಕೆಳಗೆ ‘ಹೊರಗೆ ಬಾಗದಿರುವುದು’ ಎಂಬ ಭಾವರೂಪ. ಅಡುಗೆ ಪುಸ್ತಕದಲ್ಲಿ ‘ಹಿಟ್ಟು ಕಲಸುವುದು’ ಎಂಬ ಅದೇ ಭಾವರೂಪ.

ನಾಲ್ಕನೆಯದು ಸೈನ್ಯ. ಇಲ್ಲಿ ಪೂರ್ವಪಕ್ಷಿಗೆ ತುಸು ಆಸೆ ಹುಟ್ಟುತ್ತದೆ, ಏಕೆಂದರೆ ಕವಾಯತಿನಲ್ಲಿ ಬಂದೂಕು ಎತ್ತಿ ವಂದಿಸಲು ‘ಪ್ರೆಜ಼ಾಂತೇ’ ಎಂಬ ಅಪ್ಪಟ ವಿಧ್ಯರ್ಥವಿದೆ. ಆದರೆ ಗುಂಡು ಹಾರಿಸುವ ಘಳಿಗೆಯಲ್ಲಿ ಅಧಿಕಾರಿ ಕೂಗುವುದು ‘ಫ಼ೋ’, ಅಂದರೆ ಬೆಂಕಿ. ಬಂದೂಕು ತೋರಿಸಲು ಕ್ರಿಯಾಪದ, ಸಿಡಿಸಲು ನಾಮಪದ. ರಸ್ತೆಯಲ್ಲೂ ಹೀಗೇ. ದಾರಿ ಬಿಟ್ಟುಕೊಡಿ ಎಂಬ ಫಲಕದಲ್ಲಿ ‘ಸೆದೇ’ ಎಂಬ ವಿಧ್ಯರ್ಥ. ಕಡ್ಡಾಯವಾಗಿ ನಿಲ್ಲಬೇಕಾದಲ್ಲಿ ಫ್ರಾನ್ಸ್ ತನ್ನ ಭಾಷೆಯನ್ನೇ ನಂಬದೆ ‘ಸ್ಟಾಪ್’ ಎಂದು ಬರೆಯುತ್ತದೆ. ಫ್ರಾನ್ಸಿಗಿಂತ ಹೆಚ್ಚು ಫ್ರೆಂಚಾದ ಕ್ವಿಬೆಕ್ ‘ಆರೆ’ ಎಂದು ಬರೆಯುತ್ತದೆ. ಅದನ್ನೂ ನಾಮಪದವಾಗಿಯೇ ಓದಬಹುದು.

ಐದನೆಯವನು ನಾಯಿ ಸಾಕಿದವನು. ಅವನು ‘ಕೂರು’ ಎನ್ನುವುದಿಲ್ಲ. ‘ಆಸಿ’, ಅಂದರೆ ‘ಕೂತದ್ದು’ ಎನ್ನುತ್ತಾನೆ. ನಾಯಿ ಇನ್ನೂ ನಿಂತಿರುವಾಗಲೇ ವ್ಯಾಕರಣದಲ್ಲಿ ಕೂತಾಗಿದೆ.

ಆದ್ದರಿಂದ ಪೂರ್ವಪಕ್ಷ ಬಿತ್ತು. ಸಿದ್ಧಾಂತ ಇದು:

ಸೂತ್ರ 6. ಮಾತು ನಡೆಯುವಲ್ಲಿ ವಿಧ್ಯರ್ಥ ಬೇಕಿಲ್ಲ. ವಿಧ್ಯರ್ಥ ಇರುವಲ್ಲಿ ಮಾತು ನಡೆಯುವ ಭರವಸೆಯಿಲ್ಲ.

ವೃತ್ತಿ: ವಿಧ್ಯರ್ಥವನ್ನು ಮನಸಾರೆ ಬಳಸುವವರ ಪಟ್ಟಿ ನೋಡಿದರೆ ಇದು ಸ್ಪಷ್ಟ.

(ಅ) ಭಕ್ತ. ದೇವರು ಭವಿಷ್ಯತ್ತಿನಲ್ಲಿ ಮಾತಾಡಿದರೆ ಭಕ್ತ ಕೊಡು, ಕ್ಷಮಿಸು, ಬಿಡಿಸು ಎಂದು ವಿಧ್ಯರ್ಥದಲ್ಲೇ ಬೇಡುತ್ತಾನೆ. ಫ್ರೆಂಚ್ ಕ್ಯಾಥೊಲಿಕರು ಕ್ರಿಸ್ತನ ಪ್ರಾರ್ಥನೆಯಲ್ಲಿ ಬಹುಕಾಲ ದೇವರಿಗೆ ಬಹುವಚನ ಹಚ್ಚುತ್ತಿದ್ದರು. 1966ರ ಪಾಠದಲ್ಲಿ ಏಕವಚನ ಬಂತು. 2017ರ ಡಿಸೆಂಬರ್‌ನಲ್ಲಿ ಅದರ ನಿಷೇಧ ರೂಪದ ಕ್ರಿಯಾಪದವೊಂದನ್ನೇ ಬದಲಿಸಿದರು. ಹಳೆಯದು, ದೇವರೇ ಜನರನ್ನು ಪ್ರಲೋಭನೆಗೆ ತಳ್ಳುವಂತೆ ಕೇಳಿಸುತ್ತಿತ್ತು.

(ಆ) ಅರ್ಜಿದಾರ. ಫ್ರೆಂಚ್ ಪತ್ರದ ಕೊನೆಯಲ್ಲಿ ‘ವೊಯೇ ಆಗ್ರೆಯೇ’ ಎಂದು ಶುರುಮಾಡಿ, ನನ್ನ ವಿಶಿಷ್ಟ ಭಾವನೆಗಳ ಅಭಿವ್ಯಕ್ತಿಯನ್ನು ಸ್ವೀಕರಿಸುವ ಮನಸ್ಸು ಮಾಡಿ ಎಂದು ಬರೆಯುತ್ತಾರೆ. ವಿದ್ಯುತ್ ಬಿಲ್ಲಿನ ತಕರಾರಿಗೂ ಇದೇ ಮುಕ್ತಾಯ ಸಲ್ಲುತ್ತದೆ.

(ಇ) ಕರೆಯುವವರು. ನಮ್ಮ ಆರತಕ್ಷತೆಯ ಇಂಗ್ಲಿಷ್ ಆಮಂತ್ರಣಗಳ ಮೂಲೆಯ ‘ಆರ್‌ಎಸ್‌ವಿಪಿ’ಯ ಮೊದಲ ಅಕ್ಷರ ‘ರೆಪೋಂದೇ’, ಅಂದರೆ ‘ಉತ್ತರಿಸಿ’ ಎಂಬ ಫ್ರೆಂಚ್ ವಿಧ್ಯರ್ಥ. ಅದರ ಬಲ ಎಷ್ಟೆಂಬುದನ್ನು ಎಲೆ ಲೆಕ್ಕ ಹಾಕುವ ಅಡುಗೆಯವರನ್ನು ಕೇಳಿ ತಿಳಿಯಬೇಕು.

(ಈ) ಪ್ರೇಕ್ಷಕ. 1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್‌ನ ಬೆಟ್ಟದ ತಿರುವುಗಳಲ್ಲಿ ನಿಂತವರು ‘ಆಲೇ! ಆಲೇ!’ ಎನ್ನುತ್ತಾರೆ. ಸೈಕಲ್ ತುಳಿಯುವವನು ಹೇಗೂ ಹೋಗುತ್ತಲೇ ಇರುತ್ತಾನೆ.

(ಉ) ಚಳವಳಿಗಾರ. 1968ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳು, ‘ವಾಸ್ತವವಾದಿಗಳಾಗಿ, ಅಸಾಧ್ಯವನ್ನೇ ಕೇಳಿ’ ಎಂದು ಎರಡು ವಿಧ್ಯರ್ಥಗಳನ್ನು ಒಂದೇ ಘೋಷಣೆ ಮಾಡಿದರು. 2010ರಲ್ಲಿ ಸ್ಟೆಫಾನ್ ಎಸೆಲ್ ತಮ್ಮ 93ನೇ ವಯಸ್ಸಿನಲ್ಲಿ ಪ್ರಕಟಿಸಿದ ಕಿರುಹೊತ್ತಗೆಗೆ ‘ಆ್ಯಂದಿನ್ಯೇ-ವೂ’, ಅಂದರೆ ‘ಕ್ರೋಧಗೊಳ್ಳಿ’ ಎಂದು ಹೆಸರಿಟ್ಟರು. ಅದು ಲಕ್ಷಗಟ್ಟಲೆ ಮಾರಾಟವಾಯಿತು. 2011ರ ಜನವರಿ 14ರಂದು ಟ್ಯುನಿಸ್‌ನ ಬೀದಿಯಲ್ಲಿ ಜನ ತಮ್ಮ ಅಧ್ಯಕ್ಷ ಬೆನ್ ಅಲಿಗೆ ಏಕವಚನದಲ್ಲಿ ‘ದೆಗಾಜ್’, ತೊಲಗು ಎಂದರು. 23 ವರ್ಷ ಆಳಿದ್ದವರು ಅದೇ ದಿನ ದೇಶ ಬಿಟ್ಟರು. ಸೂತ್ರಕ್ಕೆ ಇಲ್ಲೊಂದು ತಿದ್ದುಪಡಿ ಬೇಕು: ಒಬ್ಬನ ಬಾಯಲ್ಲಿ ಬರೀ ಬೇಡಿಕೆಯಾದ ವಿಧ್ಯರ್ಥ, ಇಡೀ ಬೀದಿ ಕೂಗಿದರೆ ಅಪ್ಪಣೆಯಾಗಬಲ್ಲದು.

ಶಂಕೆ: ತಾಯಂದಿರೂ ಮೇಷ್ಟರೂ ಇಡೀ ದಿನ ವಿಧ್ಯರ್ಥವನ್ನೇ ಬಳಸುತ್ತಾರಲ್ಲ?

ಸಮಾಧಾನ: ಹೌದು, ಇಡೀ ದಿನ. ಒಮ್ಮೆಗೇ ನಡೆದಿದ್ದರೆ ಇಡೀ ದಿನ ಏಕೆ ಬೇಕಿತ್ತು?

ಇನ್ನು ಸವೆದುಹೋದವು. ‘ತ್ಯಾಂ’ (ಹಿಡಿ) ಎಂದರೆ ಈಗ ‘ಅರೆ’. ‘ವ್ವಾಯೋಂ’ (ನೋಡೋಣ) ಎಂದರೆ ‘ಸಾಕು ಸುಮ್ಮನಿರು’. ‘ವ್ವಾಲಾ’ದಲ್ಲಿ ‘ನೋಡು ಅಲ್ಲಿ’ ಹೂತುಹೋಗಿದೆ. ‘ರಾಂದೇವೂ’ ಒಂದು ಕಾಲಕ್ಕೆ ‘ಹಾಜರಾಗಿ’ ಎಂಬ ಆಜ್ಞೆಯಾಗಿದ್ದು ಈಗ ಹಲ್ಲಿನ ವೈದ್ಯರ ಭೇಟಿಯಾಗಿದೆ. ಕಾರ್ಕ್ ತಿರುಪಿಗೆ ‘ಎಳೆ-ಬಿರಡೆ’ ಎಂಬರ್ಥದ ಹೆಸರಿದೆ. ಅದರ ‘ಎಳೆ’ ವಿಧ್ಯರ್ಥವೇ ಎಂದು 19ನೇ ಶತಮಾನದ ಆರ್ಸೆನ್ ದಾರ್ಮಸ್ತೆತೆರ್ ವಾದಿಸಿದ, ನಂತರದವರು ಹಲವರು ಒಪ್ಪಲಿಲ್ಲ. ಬಾಟಲಿ ಮಾತ್ರ ಎರಡು ಪಕ್ಷದವರಿಗೂ ತೆರೆದುಕೊಂಡಿದೆ.

ಅಪವಾದ ಪ್ರಕರಣ

ಬಲಶಾಲಿಯೊಬ್ಬ ವಿಧ್ಯರ್ಥ ಬಳಸಿದ ಪ್ರಸಿದ್ಧ ಉದಾಹರಣೆ ಇದೆ, ಅದನ್ನು ಮುಚ್ಚಿಡುವುದು ಶಾಸ್ತ್ರಕ್ಕೆ ಶೋಭೆಯಲ್ಲ. 2008ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನ ಕೃಷಿ ಮೇಳದಲ್ಲಿ ಅಧ್ಯಕ್ಷ ನಿಕೊಲಾ ಸಾರ್ಕೋಜಿ ಕೈಕುಲುಕುತ್ತ ಬಂದರು. ಒಬ್ಬ ‘ತೂಶ್-ಮ್ವಾ ಪಾ’ ಎಂದ: ನನ್ನನ್ನು ಮುಟ್ಟಬೇಡ. ಐದನೇ ಸೂತ್ರ ಓದಿದವರು ಕೂಡಲೇ ಗಮನಿಸಿರಬೇಕು: ನಿಷೇಧದಲ್ಲಿ ಸರ್ವನಾಮ ಮುಂದಿರಬೇಕು, ‘ನ’ ಎಲ್ಲಿ ಹೋಯಿತು? ಅಧ್ಯಕ್ಷರ ಉತ್ತರ ‘ಕಾಸ್-ತ್ವಾ’, ತೊಲಗಾಚೆ, ಮೇಲೊಂದು ಬೈಗುಳ. ಏಕವಚನ ವಿಧ್ಯರ್ಥ, ಸರ್ವನಾಮ ಸ್ವಸ್ಥಾನದಲ್ಲಿ, ಎಸ್ ಇಲ್ಲ, ಕಿರುಗೆರೆ ಇದೆ. ವ್ಯಾಕರಣದಲ್ಲಿ ಅಧ್ಯಕ್ಷರು ಗೆದ್ದರು, ಉಳಿದದ್ದರಲ್ಲೆಲ್ಲ ಸೋತರು. ಇದು ಸೂತ್ರಕ್ಕೆ ಅಪವಾದವಲ್ಲ, ಪುಷ್ಟಿ. ಗಣರಾಜ್ಯದ ಅಧ್ಯಕ್ಷನ ಕೈಯನ್ನು ಒಬ್ಬ ನಿರಾಕರಿಸಿದ ಘಳಿಗೆಯಲ್ಲಿ ಅವರ ಬಳಿ ಉಳಿದಿದ್ದ ಸಾಧನ ಅದೊಂದೇ.

ಅದೇ ವರ್ಷ ನಾಗರಿಕನೊಬ್ಬ ಆ ಮಾತನ್ನೇ ಫಲಕದಲ್ಲಿ ಬರೆದು ಅಧ್ಯಕ್ಷರ ದಾರಿಯಲ್ಲಿ ಹಿಡಿದ. ಅಧ್ಯಕ್ಷರಿಗೆ ಅಪಮಾನವೆಂದು ಮೊಕದ್ದಮೆಯಾಗಿ 30 ಯೂರೊ ದಂಡ ಬಿತ್ತು, ಅದೂ ಅಮಾನತಿನಲ್ಲಿ. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಅವನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಭಂಗವಾಗಿದೆ ಎಂದಿತು. ಅದೇ ವರ್ಷ ಆ ಅಪರಾಧವನ್ನೇ ಫ್ರಾನ್ಸ್ ರದ್ದು ಮಾಡಿತು. ಅಪರಾಧ ಇದ್ದದ್ದು ಯಾವ ಕಾನೂನಿನಲ್ಲಿ? 1881ರ ಜುಲೈ 29ರದ್ದರಲ್ಲಿ, ಗೋಡೆಯ ಮೇಲಿರುವ ಅದರಲ್ಲೇ. ಕ್ರಿಯಾಪದವಿದ್ದ ಅಧ್ಯಕ್ಷರ ಅಪ್ಪಣೆಯನ್ನು ಯಾರೂ ಪಾಲಿಸಲಿಲ್ಲ. ಕ್ರಿಯಾಪದವಿಲ್ಲದ ಗೋಡೆ ಇನ್ನೂ ತನ್ನ ಕೆಲಸ ಮಾಡುತ್ತಿದೆ.

ಫಲಶ್ರುತಿ

ಮುಂದಕ್ಕೆ ಹಾಕಿದ್ದ ಪ್ರಯೋಜನವನ್ನು ಈಗ ಹೇಳಬಹುದು. ಈ ಶಾಸ್ತ್ರ ಓದಿದ ವಿದ್ಯಾರ್ಥಿಗೆ ಎಸ್ ಬಿಡುವ, ಸೇರಿಸುವ ಭ್ರಮೆ ನೀಗಿ ನಾಲ್ಕು ಅಂಕ ಹೆಚ್ಚು ಬರುವುದು. ಫ್ರಾನ್ಸಿಗೆ ಹೋದವಳು ಬ್ರೆಡ್ ಅಂಗಡಿಯಲ್ಲಿ, ಕಲಿತ ವಿಧ್ಯರ್ಥವನ್ನೆಲ್ಲ ಚೀಲದಲ್ಲೇ ಇಟ್ಟುಕೊಂಡು ‘ಜ ವೂದ್ರೆ’, ಅಂದರೆ ‘ನನಗೆ ಬೇಕಾಗಿತ್ತು’ ಎನ್ನುವಳು. ಬ್ರೆಡ್ ಬೇಗ ಸಿಗುವುದು. ಅಜ್ಜಿಗೆ ಹೊಸದಾಗಿ ತಿಳಿಯುವುದೇನೂ ಇಲ್ಲ; ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಗೊತ್ತಿರುವವರು ಏರುದನಿಯಲ್ಲಿ ‘ಮಾಡು’ ಎನ್ನುವುದಿಲ್ಲ, ‘ಆ ಕೆಲಸ ಆಯಿತಾ’ ಎಂದು ಕೇಳುತ್ತಾರೆ.

ಉಳಿದವರಿಗೆ ಇಷ್ಟು. ಆ ದೇಶದಲ್ಲಿ ಯಾರಾದರೂ ಎದುರು ನಿಂತು ‘ಮಾಡಿ’, ‘ಬಿಡಿ’, ‘ಹೋಗಿ’ ಎಂದರೆ ಹೆದರಬೇಕಾಗಿಲ್ಲ, ಅವರು ಕೇಳಿಕೊಳ್ಳುತ್ತಿದ್ದಾರೆ. ಹೇಳಿದವರೇ ಕಾಣದ ಒಂದು ನಾಮಪದ, ಅದರ ಕೆಳಗೊಂದು ತಾರೀಖು ಕಂಡರೆ ಸುಮ್ಮನೆ ಪಾಲಿಸಿ. ವಾದ ಮಾಡಲೇಬೇಕೆನಿಸಿದರೆ ಕ್ರಿಯಾಪದ ಇರುವ ಕಡೆ ಮಾಡಿ.